ಭದ್ರತಾ ಕಾವಲುಗಾರನ ಅರ್ಹತೆಗಳು: ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

ಗೋದಾಮಿನ ಬೀಗದ ಕೈ, ಕಾರ್ಖಾನೆಯ ಹೆಬ್ಬಾಗಿಲು, ಅಪರಾತ್ರಿಯಲ್ಲಿ ಬಂದು ನಿಲ್ಲುವ ಸರಕಿನ ಲಾರಿ ಇವೆಲ್ಲವನ್ನೂ ಒಬ್ಬ ವ್ಯಕ್ತಿಯ ವಶಕ್ಕೆ ಒಪ್ಪಿಸಿ ಮನೆಗೆ ತೆರಳುವ ಸಣ್ಣ ಉದ್ದಿಮೆದಾರರಲ್ಲಿ ಅನೇಕರಿಗೆ ಆ ವ್ಯಕ್ತಿಯ ವಿಷಯದಲ್ಲಿ ತಿಳಿದಿರುವುದು ಆತನ ಹೆಸರು ಮತ್ತು ಮೊಬೈಲ್ ಸಂಖ್ಯೆ ಮಾತ್ರ. ಕೆಲವೊಮ್ಮೆ ಹೆಸರೂ ತಿಳಿದಿರುವುದಿಲ್ಲ. ‘ಸೆಕ್ಯುರಿಟಿ’ ಎಂಬ ಕರೆಯೇ ಸಾಕಾಗುತ್ತದೆ. ಹಳೆಯ ಲೇತ್ ಯಂತ್ರವೊಂದನ್ನು ಕೊಳ್ಳುವ ಮುನ್ನ ನಾಲ್ಕು ಕಡೆ ವಿಚಾರಿಸುವವರು, ಅದೇ ಯಂತ್ರವನ್ನು ರಾತ್ರಿಯಿಡೀ ಕಾಯುವವನನ್ನು ಏಜೆನ್ಸಿಯವರು ಕಳುಹಿಸಿದರೆಂಬ ಒಂದೇ ಕಾರಣಕ್ಕೆ ಒಪ್ಪಿಕೊಳ್ಳುತ್ತಾರೆ. ಬೇರೆ ಕೆಲಸ ದೊರೆಯದವನು ಮಾಡುವ ಕೆಲಸವಿದು, ಇದಕ್ಕೆ ಅರ್ಹತೆ ಎಂಬುದೇನಿದೆ ಎಂಬ ಭಾವನೆಯೇ ಇದಕ್ಕೆ ಮೂಲ. ವಾಸ್ತವವಾಗಿ ಈ ವೃತ್ತಿಗೆ ಬರುವವರ ವಯಸ್ಸು, ದೇಹದಾರ್ಢ್ಯ, ನಡತೆ ಹಾಗೂ ತರಬೇತಿಯ ಬಗ್ಗೆ ಕಾನೂನು ಮಾನದಂಡಗಳನ್ನು ವಿಧಿಸಿ ಎರಡು ದಶಕಗಳೇ ಸಂದಿವೆ. ಅವುಗಳನ್ನು ಪರಿಶೀಲಿಸಲು ಅಧಿಕಾರಿಗಳು ಪ್ರತಿಯೊಂದು ಗೇಟಿಗೂ ಬರಲಾರರು. ಆದ್ದರಿಂದ ಸೇವೆಯನ್ನು ಪಡೆಯುವ ಉದ್ದಿಮೆದಾರರೇ ಅವುಗಳನ್ನು ಅರಿತಿರುವುದು ಅವಶ್ಯಕ.

ಕಾಯ್ದೆ ಮತ್ತು ಪರವಾನಗಿ

ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಕಾಯ್ದೆಯು 2005ರಲ್ಲಿ ರೂಪುಗೊಂಡು 2006ರ ಮಾರ್ಚ್ 14ರಿಂದ ಜಾರಿಗೆ ಬಂದಿತು. ಇದರ ವಿವರಗಳನ್ನು ನಿಗದಿಪಡಿಸುವ ಮಾದರಿ ನಿಯಮಗಳನ್ನು ಕೇಂದ್ರ ಸರ್ಕಾರವು 2006ರಲ್ಲಿ ಹೊರಡಿಸಿತು; ಕರ್ನಾಟಕವು 2008ರಲ್ಲಿ ತನ್ನದೇ ನಿಯಮಗಳನ್ನು ರಚಿಸಿಕೊಂಡಿತು. 2020ರಲ್ಲಿ ಕೇಂದ್ರವು ಹೊಸ ಮಾದರಿ ನಿಯಮಗಳನ್ನು ಪ್ರಕಟಿಸಿದೆ.

ಕಾಯ್ದೆಯ ಅನ್ವಯ ಪರವಾನಗಿಯಿಲ್ಲದೆ ಯಾರೂ ಭದ್ರತಾ ಏಜೆನ್ಸಿಯನ್ನು ನಡೆಸುವಂತಿಲ್ಲ. ಪರವಾನಗಿಯ ಅವಧಿ ಐದು ವರ್ಷ. ಅದನ್ನು ಒಂದೇ ಜಿಲ್ಲೆಗೆ, ಐದರವರೆಗಿನ ಜಿಲ್ಲೆಗಳಿಗೆ ಅಥವಾ ಇಡೀ ರಾಜ್ಯಕ್ಕೆ ಪಡೆಯಲು ಅವಕಾಶವಿದೆ. ತುಮಕೂರು ಜಿಲ್ಲೆಗೆ ಮಾತ್ರ ಪಡೆದ ಪರವಾನಗಿಯನ್ನು ತೋರಿಸಿ ಹಾಸನದ ಗೋದಾಮಿಗೆ ಸಿಬ್ಬಂದಿಯನ್ನು ಒದಗಿಸಲು ಬರುವುದಿಲ್ಲ ಎಂಬುದನ್ನು ಒಪ್ಪಂದಕ್ಕೆ ಮುನ್ನ ನೋಡಿಕೊಳ್ಳಬೇಕು. ಏಜೆನ್ಸಿಯು ಪರವಾನಗಿಯನ್ನು ತನ್ನ ಕಚೇರಿಯಲ್ಲಿ ಎದ್ದು ಕಾಣುವ ಸ್ಥಳದಲ್ಲಿ ಪ್ರದರ್ಶಿಸಬೇಕೆಂದು ಕಾಯ್ದೆಯೇ ಹೇಳುವುದರಿಂದ, ಅದರ ಪ್ರತಿಯನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ಯಾರು ಕಾವಲುಗಾರರಾಗಬಹುದು?

ಕಾಯ್ದೆಯ 10ನೇ ಪ್ರಕರಣವು ಈ ಪ್ರಶ್ನೆಗೆ ಉತ್ತರಿಸುತ್ತದೆ. ಅಭ್ಯರ್ಥಿಯು ಭಾರತದ ನಾಗರಿಕನಾಗಿರಬೇಕು, ಇಲ್ಲವೆ ಕೇಂದ್ರ ಸರ್ಕಾರವು ಅಧಿಸೂಚಿಸಿದ ದೇಶದ ನಾಗರಿಕನಾಗಿರಬೇಕು. ವಯಸ್ಸು 18 ತುಂಬಿರಬೇಕು, 65 ತುಂಬಿರಬಾರದು. ನಡತೆ ಮತ್ತು ಪೂರ್ವಾಪರಗಳ ಬಗ್ಗೆ ಏಜೆನ್ಸಿಗೆ ಖಾತರಿಯಾಗಿರಬೇಕು. ನ್ಯಾಯಾಲಯದಿಂದ ಶಿಕ್ಷೆಗೆ ಗುರಿಯಾದವರನ್ನೂ, ಸೈನ್ಯ, ಪೊಲೀಸ್, ಸರ್ಕಾರಿ ಸೇವೆ ಅಥವಾ ಮತ್ತೊಂದು ಭದ್ರತಾ ಏಜೆನ್ಸಿಯಿಂದ ದುರ್ನಡತೆಯ ಕಾರಣ ವಜಾಗೊಂಡವರನ್ನೂ ನೇಮಿಸಿಕೊಳ್ಳುವಂತಿಲ್ಲ. ಮಾಜಿ ಸೈನಿಕರು, ಮಾಜಿ ಪೊಲೀಸರು ಹಾಗೂ ಗೃಹರಕ್ಷಕ ದಳದವರಿಗೆ ಆದ್ಯತೆ ನೀಡಬಹುದು. ಆದರೆ ‘ಮಾಜಿ ಸೈನಿಕ’ ಎಂಬ ಮಾತನ್ನು ಕೇಳಿದೊಡನೆ ನಿಶ್ಚಿಂತರಾಗದೆ, ಸೇವೆಯಿಂದ ಬಿಡುಗಡೆಯಾದ ದಾಖಲೆಯನ್ನು ನೋಡುವುದು ಒಳಿತು. ನಿವೃತ್ತನಾದವನಿಗೂ ವಜಾಗೊಂಡವನಿಗೂ ಇರುವ ಅಂತರ ಅದರಿಂದಲೇ ತಿಳಿಯುತ್ತದೆ.

ಪೂರ್ವಾಪರ ಪರಿಶೀಲನೆಯು ಪೊಲೀಸರ ಮುಖಾಂತರ ನಡೆಯಬೇಕಾದದ್ದು. ಉದ್ಯೋಗಕ್ಕಾಗಿ ಬೇರೆ ರಾಜ್ಯದಿಂದ ಬಂದವರ ವಿಷಯದಲ್ಲಿ ಅವರ ಸ್ವಂತ ಊರಿನ ವಿಳಾಸದಿಂದಲೂ ವರದಿ ಬರಬೇಕಾಗುವುದರಿಂದ ವಿಳಂಬವಾಗುತ್ತದೆ. ಈ ವಿಳಂಬವೇ ಪರಿಶೀಲನೆಯನ್ನು ಕೈಬಿಡಲು ನೆಪವಾಗುವುದುಂಟು. ಆಧಾರ್ ಕಾರ್ಡಿನ ನಕಲು ಪ್ರತಿಯು ವ್ಯಕ್ತಿ ಯಾರೆಂಬುದನ್ನು ಹೇಳುತ್ತದೆಯೇ ಹೊರತು ಆತನ ನಡತೆಯನ್ನು ಹೇಳುವುದಿಲ್ಲ.

ದೇಹದಾರ್ಢ್ಯದ ಬಗ್ಗೆ 2006ರ ಮಾದರಿ ನಿಯಮಗಳು ವಿವರವಾಗಿಯೇ ಹೇಳಿವೆ. ಪುರುಷರಿಗೆ ಎತ್ತರ ಕನಿಷ್ಠ 160 ಸೆಂಟಿಮೀಟರ್, ಮಹಿಳೆಯರಿಗೆ 150. ಪುರುಷರ ಎದೆಯ ಸುತ್ತಳತೆ 80 ಸೆಂಟಿಮೀಟರ್ ಇದ್ದು 4 ಸೆಂಟಿಮೀಟರ್ ಹಿಗ್ಗಬೇಕು. ಒಂದು ಕಿಲೋಮೀಟರ್ ದೂರವನ್ನು ಆರು ನಿಮಿಷಗಳಲ್ಲಿ ಓಡಬೇಕು. ದೃಷ್ಟಿಯನ್ನು ಕನ್ನಡಕದಿಂದ ಸರಿಪಡಿಸಿಕೊಂಡಿದ್ದರೆ ಅಡ್ಡಿಯಿಲ್ಲ, ಆದರೆ ಬಣ್ಣಗುರುಡು ಇರಬಾರದು. ಕಿವಿ ಚೆನ್ನಾಗಿ ಕೇಳಿಸಬೇಕು. ಒಮ್ಮೆ ಆಯ್ಕೆಯಾದರೆ ಮುಗಿಯಿತೆಂದಲ್ಲ. ಹನ್ನೆರಡು ತಿಂಗಳಿಗೊಮ್ಮೆ ವೈದ್ಯಕೀಯ ತಪಾಸಣೆಯೂ ಆಗಬೇಕು. ಎಪ್ಪತ್ತು ದಾಟಿದ ಹಿರಿಯರೊಬ್ಬರನ್ನು ಕಡಿಮೆ ಸಂಬಳಕ್ಕೆ ಸಿಕ್ಕರೆಂದು ಗೇಟಿನಲ್ಲಿ ಕೂರಿಸುವ ಏಜೆನ್ಸಿಯು ಈ ಯಾವ ನಿಯಮವನ್ನೂ ಓದಿಲ್ಲವೆಂದೇ ತಿಳಿಯಬೇಕು. ಹೊಲಿಗೆ ಉಡುಪಿನ ಕಾರ್ಖಾನೆಗಳಂತೆ ಮಹಿಳಾ ಕಾರ್ಮಿಕರು ಹೆಚ್ಚಾಗಿರುವ ಕಡೆ ಮಹಿಳಾ ಕಾವಲುಗಾರರೂ ಇರಲೇಬೇಕಾಗುತ್ತದೆ.

ತರಬೇತಿ

ವಿದ್ಯಾರ್ಹತೆಯ ಬಗ್ಗೆ ಕಾಯ್ದೆಯಲ್ಲಿ ಇಂತಿಷ್ಟನೇ ತರಗತಿ ಎಂಬ ಷರತ್ತಿಲ್ಲ. ಆದರೆ ಗುರುತಿನ ಚೀಟಿಗಳಲ್ಲಿಯೂ ಉಪಕರಣಗಳಲ್ಲಿಯೂ ಕಾಣುವ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳನ್ನು ಓದಿ ಅರ್ಥಮಾಡಿಕೊಳ್ಳಬೇಕೆಂದು ಮಾದರಿ ನಿಯಮಗಳು ಅಪೇಕ್ಷಿಸುತ್ತವೆ. ಲಾರಿಯ ನೋಂದಣಿ ಸಂಖ್ಯೆಯನ್ನೂ ಗೇಟ್ ಪಾಸಿನ ಸರಕಿನ ಎಣಿಕೆಯನ್ನೂ ಓದಲಾರದವನು ಕಾವಲಿಗಿದ್ದರೂ ಸರಕಿಗೆ ಕಾವಲಿಲ್ಲದಂತೆಯೇ.

ತರಬೇತಿಯ ಅವಧಿಯನ್ನು 100 ಗಂಟೆಗಳ ತರಗತಿ ಪಾಠ ಹಾಗೂ 60 ಗಂಟೆಗಳ ಕ್ಷೇತ್ರ ಅಭ್ಯಾಸ ಎಂದು 2006ರ ಮಾದರಿ ನಿಯಮಗಳು ಗೊತ್ತುಪಡಿಸಿದವು. ಇದು ಕನಿಷ್ಠ 20 ಕೆಲಸದ ದಿನಗಳಲ್ಲಿ ಹರಡಿರಬೇಕು. ಮಾಜಿ ಸೈನಿಕರಿಗೆ ಮತ್ತು ಮಾಜಿ ಪೊಲೀಸರಿಗೆ 40 ಗಂಟೆಗಳ ಪಾಠ, 16 ಗಂಟೆಗಳ ಅಭ್ಯಾಸ ಸಾಕು. ಪಠ್ಯದಲ್ಲಿ ಅಗ್ನಿಶಮನ, ಪ್ರಥಮ ಚಿಕಿತ್ಸೆ, ಜನಸಂದಣಿಯ ನಿಯಂತ್ರಣ, ಗುರುತಿನ ಪತ್ರಗಳ ಪರಿಶೀಲನೆ, ಸ್ಫೋಟಕಗಳ ಗುರುತಿಸುವಿಕೆ, ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸುವ ಕ್ರಮ ಮೊದಲಾದವು ಸೇರಿವೆ.

ಸಣ್ಣ ಕಾರ್ಖಾನೆಗಳ ಮಟ್ಟಿಗೆ ಇವುಗಳಲ್ಲಿ ಅಗ್ನಿಶಮನವೇ ಮುಖ್ಯವಾದದ್ದು. ಕಳ್ಳನು ಒಯ್ಯುವುದು ಒಂದು ಮೂಟೆ. ಬೆಂಕಿ ಇಡೀ ಷೆಡ್ಡನ್ನು ಒಯ್ಯುತ್ತದೆ. ರಾತ್ರಿ ಎರಡು ಗಂಟೆಗೆ ವಿದ್ಯುತ್ ಪ್ಯಾನೆಲ್‌ನಿಂದ ಹೊಗೆ ಬಂದಾಗ ಮೊದಲು ಮುಖ್ಯ ಸ್ವಿಚ್ಚನ್ನು ತೆಗೆಯಬೇಕು, ನೀರನ್ನು ಎರಚಬಾರದು, ಯಾವ ಸಿಲಿಂಡರನ್ನು ಬಳಸಬೇಕು ಎಂಬುದು ತರಬೇತಿಯಿಂದ ಬರುವ ತಿಳಿವಳಿಕೆ. ಏಜೆನ್ಸಿಯು ಪ್ರಮಾಣಪತ್ರವನ್ನು ತೋರಿಸಿದರೂ, ಹೊಸದಾಗಿ ಬಂದವನನ್ನು ಸಿಲಿಂಡರಿನ ಬಳಿ ಕರೆದೊಯ್ದು ಅದನ್ನು ಬಳಸುವ ಬಗೆಯನ್ನು ಹೇಳಿಸುವುದರಿಂದ ಪ್ರಮಾಣಪತ್ರದ ಬೆಲೆ ಐದು ನಿಮಿಷದಲ್ಲಿ ತಿಳಿದುಬಿಡುತ್ತದೆ.

2013ರ ನವೆಂಬರ್‌ನಲ್ಲಿ ಬೆಂಗಳೂರಿನ ಎಟಿಎಂ ಒಂದರೊಳಗೆ ಮಹಿಳೆಯೊಬ್ಬರ ಮೇಲೆ ಭೀಕರ ಹಲ್ಲೆ ನಡೆಯಿತು. ಆಗ ಎಟಿಎಂಗಳಿಗೆ ಕಾವಲುಗಾರರನ್ನು ನೇಮಿಸಲು ಬ್ಯಾಂಕುಗಳಿಗೆ ಕೆಲವೇ ದಿನಗಳ ಗಡುವು ನೀಡಲಾಯಿತು. ಕಾವಲುಗಾರರಿಲ್ಲದ ಅನೇಕ ಎಟಿಎಂಗಳನ್ನು ಮುಚ್ಚಿಸಲಾಯಿತು. ಕ್ರಮವೇನೋ ಅಗತ್ಯವಾಗಿತ್ತು. ಆದರೆ 20 ದಿನಗಳ ತರಬೇತಿ ಬೇಕೆನ್ನುವ ವೃತ್ತಿಗೆ ಕೆಲವೇ ದಿನಗಳಲ್ಲಿ ಅರ್ಹರನ್ನು ಹೊಂದಿಸುವುದು ಲೆಕ್ಕಕ್ಕೆ ಒಗ್ಗುವ ಮಾತಲ್ಲ. ಹಬ್ಬದ ಮಾರಾಟಕ್ಕೆಂದು ಮುನ್ನಾದಿನ ನಾಲ್ವರನ್ನು ಬೇಡುವ ಅಂಗಡಿ ಮಾಲೀಕರಿಗೂ ಇದು ಅನ್ವಯಿಸುತ್ತದೆ.

ಅಧಿಕಾರದ ಮಿತಿ

ಕಾವಲುಗಾರನಿಗೆ ಪೊಲೀಸರ ಅಧಿಕಾರವಿಲ್ಲ. ಸೈನ್ಯ ಅಥವಾ ಪೊಲೀಸ್ ಉಡುಪನ್ನು ಹೋಲುವ ಸಮವಸ್ತ್ರ ಧರಿಸುವುದೂ ಅಪರಾಧ. ಈ ಅಪರಾಧಕ್ಕೆ ಏಜೆನ್ಸಿಯ ಮಾಲೀಕನೂ ಹೊಣೆಯಾಗುತ್ತಾನೆ. ತನ್ನ ಕಣ್ಣೆದುರಿಗೆ ಜಾಮೀನು ರಹಿತ ಹಾಗೂ ಸಂಜ್ಞೇಯ ಅಪರಾಧ ಮಾಡಿದವನನ್ನು ಯಾವುದೇ ನಾಗರಿಕನು ಹಿಡಿಯಬಹುದಾದಂತೆ ಕಾವಲುಗಾರನೂ ಹಿಡಿಯಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಪ್ರಕರಣದಂತೆ, ಹೀಗೆ ಹಿಡಿದವನನ್ನು ಅನಗತ್ಯ ವಿಳಂಬವಿಲ್ಲದೆ, ಆರು ಗಂಟೆಗಳ ಒಳಗಾಗಿ ಪೊಲೀಸರಿಗೆ ಒಪ್ಪಿಸಬೇಕು. ಸಂಶಯದ ಮೇಲೆ ಕಾರ್ಮಿಕನೊಬ್ಬನನ್ನು ಬೆಳಗಿನವರೆಗೆ ಸ್ಟೋರ್ ರೂಮಿನಲ್ಲಿ ಕೂಡಿಹಾಕಿದರೆ ಅಪರಾಧಿಯಾಗುವವನು ಕಾವಲುಗಾರನೇ. ಹಾಗೆ ಮಾಡಲು ಫೋನಿನಲ್ಲಿ ಹೇಳಿದ ಮಾಲೀಕರೂ ಅದರಿಂದ ಹೊರಗುಳಿಯಲಾರರು. ಪಾಳಿ ಮುಗಿಸಿ ಹೊರಡುವ ಕಾರ್ಮಿಕರ ಚೀಲಗಳ ತಪಾಸಣೆ ಬೇಕಿದ್ದಲ್ಲಿ ಅದನ್ನು ನೇಮಕಾತಿಯ ಷರತ್ತುಗಳಲ್ಲಿಯೇ ಸೇರಿಸುವುದು ಸೂಕ್ತ.

ಪಾಳಿಯ ಲೆಕ್ಕ

ಅರ್ಹತೆಯ ಪ್ರಶ್ನೆಯು ಕಡೆಗೆ ಬಂದು ನಿಲ್ಲುವುದು ಬಿಲ್ಲಿನ ಮೊತ್ತದಲ್ಲಿ. ಒಂದು ಗೇಟನ್ನು ಹಗಲಿರುಳೂ ಕಾಯಲು ವಾರಕ್ಕೆ 168 ಗಂಟೆಗಳ ಕೆಲಸವಿದೆ. ಒಬ್ಬನ ಸಾಮಾನ್ಯ ದುಡಿಮೆ ವಾರಕ್ಕೆ 48 ಗಂಟೆ. ಆದ್ದರಿಂದ ಒಂದು ಗೇಟಿಗೆ ಮೂವರೂವರೆ ಜನ ಬೇಕು. ಅಂದರೆ ಮೂವರು ಮತ್ತು ರಜೆಯ ದಿನಗಳಿಗೆ ಬದಲಿ ಬರುವ ಒಬ್ಬ. ಏಜೆನ್ಸಿಯು ಇಬ್ಬರಿಂದಲೇ ನಿರ್ವಹಿಸುವುದಾಗಿ ದರಪಟ್ಟಿ ನೀಡಿದರೆ, ಪ್ರತಿಯೊಬ್ಬನೂ ದಿನಕ್ಕೆ 12 ಗಂಟೆಯಂತೆ ವಾರದ ರಜೆಯಿಲ್ಲದೆ 84 ಗಂಟೆ ದುಡಿಯಬೇಕಾಗುತ್ತದೆ. ಹೆಚ್ಚುವರಿ 36 ಗಂಟೆಗಳಿಗೆ ಇಮ್ಮಡಿ ವೇತನ ಸಲ್ಲಬೇಕಾದ್ದರಿಂದ ಒಬ್ಬೊಬ್ಬನಿಗೆ 120 ಗಂಟೆಗಳ, ಇಬ್ಬರಿಗೆ 240 ಗಂಟೆಗಳ ವೇತನ ನೀಡಬೇಕು. ಕ್ರಮಬದ್ಧವಾಗಿ ಮೂವರೂವರೆ ಜನರನ್ನು ಇಟ್ಟರೆ ತಗಲುವುದು 168 ಗಂಟೆಗಳ ವೇತನ. ಹೀಗಿದ್ದೂ ಇಬ್ಬರ ದರವೇ ಅಗ್ಗವಾಗಿ ಕಂಡರೆ, ಹೆಚ್ಚುವರಿ ವೇತನ ಕಾವಲುಗಾರನ ಕೈಸೇರುತ್ತಿಲ್ಲವೆಂದೇ ಅರ್ಥ. ಸಮವಸ್ತ್ರದ ವೆಚ್ಚವೆಂದು ಮೊದಲ ತಿಂಗಳ ಸಂಬಳದಲ್ಲಿ ಕಡಿತ ಮಾಡುವ ಬಗ್ಗೆಯೂ ದೂರುಗಳು ಕೇಳಿಬರುತ್ತವೆ.

ಗುತ್ತಿಗೆದಾರನು ವೇತನ ನೀಡದಿದ್ದಲ್ಲಿ ಅದರ ಹೊಣೆ ಮೂಲ ಮಾಲೀಕನ ಮೇಲೆ ಬರುವುದು ಹಳೆಯ ಕಾರ್ಮಿಕ ಕಾನೂನಿನಲ್ಲಿಯೂ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿಯೂ ಇದೆ. ಆದ್ದರಿಂದ ಪ್ರತಿ ತಿಂಗಳ ಬಿಲ್ಲಿನೊಡನೆ ವೇತನ ಪಾವತಿ, ಭವಿಷ್ಯ ನಿಧಿ ಹಾಗೂ ಇಎಸ್‌ಐ ವಂತಿಗೆಯ ದಾಖಲೆಗಳನ್ನು ಪಡೆಯಬೇಕು. ಇದರ ಜೊತೆಗೆ ಜಿಎಸ್‌ಟಿಯ ಒಂದು ಸಂಗತಿ: ಕಂಪನಿಯಲ್ಲದ ಏಜೆನ್ಸಿ, ಉದಾಹರಣೆಗೆ ಒಬ್ಬರೇ ಮಾಲೀಕರ ಅಥವಾ ಪಾಲುದಾರಿಕೆಯ ಸಂಸ್ಥೆ, ಕಾವಲುಗಾರರನ್ನು ಒದಗಿಸಿದಲ್ಲಿ, 2019ರ ಜನವರಿ 1ರಿಂದ ನೋಂದಾಯಿತ ಗ್ರಾಹಕರೇ ತೆರಿಗೆಯನ್ನು ಕಟ್ಟಬೇಕು. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಇದು ಅನ್ವಯಿಸುವುದಿಲ್ಲ.

ನೇರ ನೇಮಕ

ಮಾಲೀಕರು ತಮ್ಮದೇ ಸಂಬಳಪಟ್ಟಿಯಲ್ಲಿ ಇಟ್ಟುಕೊಂಡ ವಾಚ್‌ಮನ್‌ಗಾಗಲಿ, ಪೇಟೆ ಬೀದಿಯ ಅಂಗಡಿಗಳವರು ಕೂಡಿ ತಿಂಗಳಿಗಿಷ್ಟೆಂದು ಕೊಟ್ಟು ರಾತ್ರಿ ಸೀಟಿ ಊದಿಸುವ ಗೂರ್ಖಾನಿಗಾಗಲಿ ಏಜೆನ್ಸಿ ಪರವಾನಗಿಯ ಪ್ರಶ್ನೆ ಬರುವುದಿಲ್ಲ. ಏಜೆನ್ಸಿಯು ಮಾಡಬೇಕಾದ ಪರಿಶೀಲನೆಯನ್ನು ಇಂತಹ ಕಡೆ ಮಾಡುವವರು ಯಾರೂ ಇಲ್ಲದಿರುವುದರಿಂದ, 10ನೇ ಪ್ರಕರಣದ ಅರ್ಹತೆಗಳನ್ನೇ ಮಾಲೀಕರು ತಮ್ಮ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಮಾಜಿ ಸೈನಿಕರು ಬೇಕಾದಲ್ಲಿ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯನ್ನು ವಿಚಾರಿಸಬಹುದಾಗಿದೆ.

ಏಜೆನ್ಸಿಯಿಂದ ಬಂದವನಾದರೆ ಭಾವಚಿತ್ರವಿರುವ ಗುರುತಿನ ಚೀಟಿಯನ್ನು ಹೊಂದಿರಲೇಬೇಕು. ಕೆಲಸ ಬಿಟ್ಟಾಗ ಅದನ್ನು ಏಜೆನ್ಸಿಗೆ ಹಿಂದಿರುಗಿಸತಕ್ಕದ್ದು. ಯಾರಾದರೂ ಬದಲಾದ ದಿನವೇ ಗೇಟಿನ ಪುಸ್ತಕದಲ್ಲಿ ಹಳಬನ ಮತ್ತು ಹೊಸಬನ ಹೆಸರುಗಳನ್ನು ನಮೂದಿಸಿ, ಆತನಲ್ಲಿದ್ದ ಬೀಗದ ಕೈಗಳನ್ನು ಎಣಿಸಿ ಪಡೆಯಬೇಕು. ಮೊದಲ ರಾತ್ರಿಗೆ ಮುನ್ನ ಹೊಸಬನಿಗೆ ಒಂದು ಹಾಳೆಯಲ್ಲಿ ಕನ್ನಡದಲ್ಲಿಯೂ, ಅಗತ್ಯವಿದ್ದರೆ ಆತನ ಭಾಷೆಯಲ್ಲಿಯೂ ಸೂಚನೆಗಳನ್ನು ಬರೆದುಕೊಡಬೇಕು: ಮುಖ್ಯ ಸ್ವಿಚ್ ಎಲ್ಲಿದೆ, ಯಾವ ವಾಹನವನ್ನು ಯಾರ ಸಹಿಯಿಲ್ಲದೆ ಹೊರಗೆ ಬಿಡಬಾರದು, ಮಾಲೀಕರು ಸಿಗದಿದ್ದರೆ ಯಾರಿಗೆ ಕರೆ ಮಾಡಬೇಕು, ತುರ್ತು ಕರೆಯ 112, ಅಗ್ನಿಶಾಮಕ ದಳದ 101 ಹಾಗೂ ಸಮೀಪದ ಠಾಣೆಯ ಸಂಖ್ಯೆ.