ಕೆಲಸವೂ ಒಟ್ಟಿಗೆ, ಆಟವೂ ಒಟ್ಟಿಗೆ

ಅಕ್ಕಂದಿರೇ, ನಮ್ಮ ಕರಾವಳಿಯಲ್ಲಿ ಹೆಂಚಿನ ಮನೆಗಳು ಬಹಳ. ಮಂಗಳೂರಿನಲ್ಲಿ 1865ರಲ್ಲೇ ಹೆಂಚಿನ ಕಾರ್ಖಾನೆ ಶುರುವಾಯಿತು. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಒಂದು ಹೆಂಚು ಒಡೆದರೂ ನೀರು ಸೋರುತ್ತದೆ. ಮರದ ರೀಪು ಕೊಳೆಯುತ್ತದೆ. ಅದಕ್ಕೇ ಮೇ ತಿಂಗಳಲ್ಲೇ ರಿಪೇರಿ ಮಾಡೋಣ.

ಇದು ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸ. ಹಗಲಿನಲ್ಲಿ ಒಳಗೆ ನಿಂತು ಮೇಲೆ ನೋಡಿ. ಬೆಳಕು ಕಂಡಲ್ಲಿ ನೀರೂ ಸೋರುತ್ತದೆ. ಮಕ್ಕಳು ಆ ಜಾಗ ತೋರಿಸಲಿ. ಒಬ್ಬರು ಏಣಿ ಹಿಡಿಯಲಿ. ಇನ್ನೊಬ್ಬರು ಹತ್ತಿ, ಒಡೆದ ಹೆಂಚು ತೆಗೆದು ಹೊಸದು ಹಾಕಲಿ. ಹೆಂಚು ಒದ್ದೆಯಿದ್ದಾಗ ಹತ್ತಬಾರದು. ಪಾಚಿ ಜಾರುತ್ತದೆ.

ಕೆಲಸ ಮುಗಿಯಿತು. ಗಂಡಸರು ಕಟ್ಟೆಗೆ, ಮಕ್ಕಳು ಮೊಬೈಲ್ ಗೇಮ್‌ಗೆ, ನಾವು ಮಾತ್ರ ಒಲೆಗೆ. ಇದು ಸರಿಯೇ? ಅಡಿಗೆಯನ್ನೂ ಹಂಚಿಕೊಂಡರೆ ನಮಗೂ ಬಿಡುವು ಸಿಗುತ್ತದೆ. ಮಕ್ಕಳ ಜೊತೆ ಕೂತು ನಾವೂ ಗೇಮ್ ಆಡೋಣ. ಚೆನ್ನೆಮಣೆ ಆಡಿದ ಕೈಗೆ ಅದೇನು ಕಷ್ಟ? ಪರದೆಯಲ್ಲಿ ಏನಿದೆ ಎಂದು ಓದಿ ನೋಡೋಣ. ರೂಪಾಯಿ ಗುರುತು ಕಂಡರೆ ಒತ್ತುವುದು ಬೇಡ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟವನ್ನು 2025ರ ಕಾನೂನು ನಿಷೇಧಿಸಿದೆ.

ಓದಿ, ಉತ್ತರ ಬರೆಯಿರಿ:
1. ಹೆಂಚಿನ ರಿಪೇರಿ ಯಾವ ತಿಂಗಳಲ್ಲಿ ಮಾಡಬೇಕು?
2. ಎಲ್ಲಿ ಸೋರುತ್ತದೆ ಎಂದು ಹೇಗೆ ತಿಳಿಯುತ್ತದೆ?
3. ನಿಮ್ಮ ಮನೆಯಲ್ಲಿ ಬಿಡುವು ಯಾರಿಗೆ ಸಿಗುತ್ತದೆ?