ಕಣ್ಣು ಇರುವಾಗಲೇ ಟಾಕ್‌ಬ್ಯಾಕ್ ಕಲಿಯಿರಿ

ಗ್ಲಾಕೋಮಾ ಅಥವಾ ಸಕ್ಕರೆ ಕಾಯಿಲೆಯಿಂದ ದೃಷ್ಟಿ ಕುಂದುತ್ತಿರುವವರು ಫೋನಿನ ಅಕ್ಷರವನ್ನು ದೊಡ್ಡದು ಮಾಡುತ್ತಲೇ ಹೋಗುತ್ತಾರೆ. ಒಂದು ಹಂತದಲ್ಲಿ ಪರದೆಯಲ್ಲಿ ಎರಡೇ ಪದ ಹಿಡಿಸುತ್ತವೆ, ಓದುವುದೇ ದಣಿವಾಗುತ್ತದೆ. ಅಲ್ಲಿಯವರೆಗೆ ಕಾಯಬೇಡಿ. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ ಫೋನಿನಲ್ಲೇ ಇದೆ: ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಎರಡೂ 2009ರಿಂದ ಇವೆ. ಬೇರೆ ದುಡ್ಡು ಕೊಡಬೇಕಿಲ್ಲ. ಸ್ವಲ್ಪ ಕಾಣುವಾಗಲೇ ಕಲಿತರೆ, ಬೆರಳು ಎಲ್ಲಿದೆ, ಫೋನ್ ಏನು ಹೇಳುತ್ತಿದೆ ಎಂಬುದನ್ನು ಕಣ್ಣಿನಿಂದ ತಾಳೆ ನೋಡಬಹುದು. ಆಮೇಲೆ ಆ ಸೌಲಭ್ಯ ಇರುವುದಿಲ್ಲ.

ಬಹಳ ಜನ ಮೊದಲ ಐದು ನಿಮಿಷದಲ್ಲೇ ಸೋಲುತ್ತಾರೆ. ಮುಟ್ಟಿದರೆ ಆ್ಯಪ್ ತೆರೆಯುವುದಿಲ್ಲ, ಬರೀ ಹೆಸರು ಹೇಳುತ್ತದೆ. ಫೋನ್ ಕೆಟ್ಟಿತೆಂಬ ಗಾಬರಿ. ಕೆಟ್ಟಿರುವುದಿಲ್ಲ. ಒಮ್ಮೆ ಮುಟ್ಟಿದರೆ ಕೇಳಿಸುತ್ತದೆ, ಎರಡು ಬಾರಿ ತಟ್ಟಿದರೆ ತೆರೆಯುತ್ತದೆ, ಬಲಕ್ಕೆ ಸವರಿದರೆ ಮುಂದಿನದಕ್ಕೆ ಹೋಗುತ್ತದೆ. ಪುಟ ಸರಿಸಲು ಟಾಕ್‌ಬ್ಯಾಕ್‌ನಲ್ಲಿ ಎರಡು ಬೆರಳು, ವಾಯ್ಸ್‌ಓವರ್‌ನಲ್ಲಿ ಮೂರು. ಮೊದಮೊದಲು ಗೊಂದಲ ಸಹಜ, ಆದ್ದರಿಂದ ಶುರು ಮಾಡುವ ಮೊದಲು ಆಫ್ ಮಾಡುವ ದಾರಿ ಇಟ್ಟುಕೊಳ್ಳಿ: ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ಶಾರ್ಟ್‌ಕಟ್ ಹೊಂದಿಸಿದರೆ ಎರಡೂ ವಾಲ್ಯೂಮ್ ಗುಂಡಿ ಒತ್ತಿಹಿಡಿದು ಟಾಕ್‌ಬ್ಯಾಕ್ ನಿಲ್ಲಿಸಬಹುದು. ಕನ್ನಡ ಧ್ವನಿ ಯಾಂತ್ರಿಕ ಎಂಬ ಗೊಣಗಾಟ ನ್ಯಾಯವೇ. ಆದರೆ ಸುದ್ದಿ ಓದಿಸಿಕೊಳ್ಳಲು ಮಾಧುರ್ಯಕ್ಕಿಂತ ಸ್ಪಷ್ಟತೆ ಮುಖ್ಯ, ವೇಗವಂತೂ ನಿಮ್ಮ ಕೈಯಲ್ಲೇ ಇದೆ. ಬಸ್ಸಿನಲ್ಲಿ ಎಲ್ಲರಿಗೂ ಕೇಳಿಸುತ್ತದೆ ಎನ್ನುವವರಿಗೆ ಇಯರ್‌ಫೋನ್ ಸಾಕು. ನಿಜವಾದ ತೊಡಕು ಬೇರೆಯದು: ಕೆಲವು ಆ್ಯಪ್‌ಗಳಲ್ಲಿ ಗುಂಡಿಗೆ ಹೆಸರೇ ಕೊಟ್ಟಿರುವುದಿಲ್ಲ, ಸುಮ್ಮನೆ “ಬಟನ್” ಎನ್ನುತ್ತದೆ. ಅದು ಆ್ಯಪ್ ಮಾಡಿದವರ ತಪ್ಪು. ಟಾಕ್‌ಬ್ಯಾಕ್‌ನಲ್ಲಿ ಅಂಥ ಎಷ್ಟೋ ಗುಂಡಿಗಳಿಗೆ ನೀವೇ ಹೆಸರಿಡಬಹುದು. ಜೊತೆಗೆ ಆ್ಯಪ್‌ನವರಿಗೆ ದೂರನ್ನೂ ಬರೆಯಿರಿ.