ನೂರು ಮೈಲಿಯ ಬೆಟ್ಟದ ಸೈಕಲ್ ಪಂದ್ಯವೂ ದೇಹಧರ್ಮವೂ

ಅಮೆರಿಕದ ಕೊಲರಾಡೋ ರಾಜ್ಯದಲ್ಲಿ ಲೆಡ್‌ವಿಲ್ ಎಂಬ ಗಣಿಯೂರೊಂದಿದೆ. ಸಮುದ್ರಮಟ್ಟದಿಂದ ಅದರ ಎತ್ತರ 10,000 ಅಡಿಗೂ ಮಿಗಿಲು. ಸಮೀಪದ ಕ್ಲೈಮ್ಯಾಕ್ಸ್ ಮಾಲಿಬ್ಡಿನಂ ಗಣಿಯು 1982ರಲ್ಲಿ ಬಾಗಿಲು ಹಾಕಿದಾಗ ಊರಿನ ಜೀವನಾಧಾರವೇ ಕುಸಿಯಿತು. ಗಣಿಯಲ್ಲಿ ದುಡಿದಿದ್ದ ಕೆನ್ ಕ್ಲೌಬರ್ ಎಂಬವರು, ಹೊರಗಿನವರು ಬಂದು ಒಂದೆರಡು ರಾತ್ರಿ ತಂಗಿದರೆ ಊರಿಗೆ ನಾಲ್ಕು ಕಾಸು ದೊರೆತೀತೆಂದು 1983ರಲ್ಲಿ ನೂರು ಮೈಲಿಗಳ ಓಟದ ಪಂದ್ಯವನ್ನು ಆರಂಭಿಸಿದರು. 1994ರಿಂದ ಅದೇ ಬೆಟ್ಟಗಳಲ್ಲಿ ಸೈಕಲ್ ಪಂದ್ಯವೂ ನಡೆಯತೊಡಗಿತು. ಐವತ್ತು ಮೈಲಿ ಹೋಗಿ, ಬಂದ ದಾರಿಯಲ್ಲಿಯೇ ಹಿಂದಿರುಗಬೇಕು; ತಿರುಗುವ ಸ್ಥಳವಾದ ಕೊಲಂಬೈನ್ ಗಣಿಯ ಎತ್ತರ 12,400 ಅಡಿಗಳಷ್ಟು. ಹನ್ನೆರಡು ಗಂಟೆಗಳೊಳಗೆ ಮುಗಿಸಿದವರಿಗೆ ಬೆಲ್ಟಿಗೆ ತೊಡಿಸುವ ಬೆಳ್ಳಿಯ ಬಕಲ್ ಬಹುಮಾನ. ಅಂಗೈಯಗಲದ ಈ ಲೋಹಕ್ಕಾಗಿ ಜನರು ವರ್ಷಗಟ್ಟಲೆ ಬೆವರು ಸುರಿಸುತ್ತಾರೆಂದರೆ ನಮ್ಮ ಹಿರಿಯರಿಗೆ ನಗು ಬಂದೀತು.

2017ರಲ್ಲಿ, ಡೆನ್ವರಿನಲ್ಲಿ ನೆಲೆಸಿರುವ ನನ್ನ ಅಕ್ಕನ ಮಗನಿಗೆ ಚೀಟಿ ಎತ್ತುವಿಕೆಯಲ್ಲಿ ಈ ಪಂದ್ಯದ ಪ್ರವೇಶ ಲಭಿಸಿತು. ಅವನಿಗಾಗ ನಲವತ್ತಾರು ವರ್ಷ. "ಮಾವ, ನೀವು ಡಾಕ್ಟರು, ಹೋಗಬಹುದೋ ಬಾರದೋ ಹೇಳಿಬಿಡಿ" ಎಂದು ಫೋನ್ ಮಾಡಿದ. ಹೃದಯದ ಪರೀಕ್ಷೆ, ರಕ್ತದೊತ್ತಡ, ಸಕ್ಕರೆಯ ಪ್ರಮಾಣ ಎಲ್ಲವನ್ನೂ ನೋಡಿಸಿಕೊಳ್ಳುವಂತೆ ಹೇಳಿದೆ. ನಲವತ್ತು ದಾಟಿದವರು ಇಂತಹ ಶ್ರಮಕ್ಕೆ ಕೈಹಾಕುವ ಮುನ್ನ, ನಡೆಯುವ ಪಟ್ಟಿಯ ಮೇಲೆ ಮಾಡುವ ಹೃದಯ ಪರೀಕ್ಷೆಯ ಬಗ್ಗೆ ತಮ್ಮ ವೈದ್ಯರನ್ನು ಕೇಳುವುದು ಲೇಸು. ಎದೆಯಲ್ಲಿ ಬಿಗಿತ, ಶ್ರಮದ ನಡುವೆ ಕಣ್ಣು ಕತ್ತಲಿಡುವುದು, ಮನೆತನದಲ್ಲಿ ಅಕಾಲ ಮರಣ ಇವುಗಳಲ್ಲಿ ಒಂದಿದ್ದರೂ ಪರೀಕ್ಷೆ ಅತ್ಯಗತ್ಯ. ಅವನ ವರದಿಗಳೆಲ್ಲವೂ ಸರಿಯಾಗಿದ್ದವು. ಆಗಸ್ಟಿನಲ್ಲಿ ನಾನೂ ಅವನ ಸಹಾಯಕನಾಗಿ ಹೋದೆ.

ಮೊದಲ ಶತ್ರು ಎತ್ತರ. ಬೆಟ್ಟದ ಮೇಲೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುವುದೆಂಬ ತಪ್ಪು ತಿಳಿವಳಿಕೆ ಸಾಮಾನ್ಯವಾಗಿದೆ. ಪಾಲು ಶೇಕಡಾ 21ರಷ್ಟೇ ಇರುತ್ತದೆ. ಕುಗ್ಗುವುದು ಗಾಳಿಯ ಒತ್ತಡ. ಕೊಲಂಬೈನ್ ತುದಿಯಲ್ಲಿ ಆ ಒತ್ತಡವು ಸಮುದ್ರಮಟ್ಟದ ಮೂರನೆಯ ಎರಡು ಭಾಗಕ್ಕಿಂತಲೂ ಕಡಿಮೆ. ಅಷ್ಟರಮಟ್ಟಿಗೆ ಶ್ವಾಸಕೋಶದಿಂದ ರಕ್ತಕ್ಕೆ ಸೇರುವ ಆಮ್ಲಜನಕವೂ ಇಳಿಯುತ್ತದೆ. ದೇಹವು ಮೊದಲ ದಿನವೇ ಉಸಿರಾಟವನ್ನೂ ನಾಡಿಯ ವೇಗವನ್ನೂ ಹೆಚ್ಚಿಸಿಕೊಳ್ಳುತ್ತದೆ. ಕೆಂಪು ರಕ್ತಕಣಗಳನ್ನು ತಕ್ಕಷ್ಟು ಬೆಳೆಸಿಕೊಳ್ಳಲು ಮಾತ್ರ ವಾರಗಳೇ ಬೇಕು. ಮುಂಬಯಿಯಿಂದ ವಿಮಾನದಲ್ಲಿ ಹೊರಟು, 11,500 ಅಡಿ ಎತ್ತರದ ಲೇಹ್‌ನಲ್ಲಿಳಿದು, ಮರುದಿನವೇ ಬಾಡಿಗೆ ಸೈಕಲ್ಲೇರುವ ನಮ್ಮ ಉತ್ಸಾಹಿ ತರುಣರು ಇದನ್ನು ಗಮನಿಸಬೇಕು. ತಲೆನೋವು, ವಾಕರಿಕೆ, ನಿದ್ರಾಭಂಗ ಕಾಣಿಸಿದರೆ ಮೇಲೇರುವುದನ್ನು ನಿಲ್ಲಿಸಬೇಕು. ಸುಮ್ಮನೆ ಕುಳಿತಿದ್ದಾಗಲೂ ಏದುಸಿರು, ನಡಿಗೆಯಲ್ಲಿ ತೂರಾಟ ಕಂಡರೆ ಬೆಳಗಾಗಲೆಂದು ಕಾಯದೆ, ಕೂಡಲೇ ಕೆಳಗಿಳಿಸಬೇಕು.

ಇನ್ನು ಆಹಾರ. ಯಕೃತ್ತು ಹಾಗೂ ಸ್ನಾಯುಗಳಲ್ಲಿ ಸಂಗ್ರಹವಾಗಿರುವ ಗ್ಲೈಕೋಜನ್ ಸುಮಾರು ಅರ್ಧ ಕಿಲೋಗ್ರಾಂ. ಬಲವಾಗಿ ತುಳಿದರೆ ಎರಡು-ಮೂರು ಗಂಟೆಗಳಲ್ಲಿ ಆ ಉಗ್ರಾಣ ಬರಿದಾಗುತ್ತದೆ. ಕೊಬ್ಬು ಯಥೇಚ್ಛವಾಗಿದ್ದರೂ ಅದು ನಿಧಾನವಾಗಿ ಉರಿಯುವ ಕಟ್ಟಿಗೆ. ಆದುದರಿಂದ ಹಸಿವಾಗುವ ಮೊದಲೇ, ಗಂಟೆಗೆ 30ರಿಂದ 60 ಗ್ರಾಂ ಶರ್ಕರ-ಪಿಷ್ಟಗಳನ್ನು ತಿನ್ನುತ್ತಿರಬೇಕು. ಅಭ್ಯಾಸ ಮಾಡಿಕೊಂಡವರು ಇನ್ನೂ ಹೆಚ್ಚು ಜೀರ್ಣಿಸಿಕೊಳ್ಳಬಲ್ಲರು. ಬಾಳೆಯಹಣ್ಣೊಂದರಲ್ಲಿ ಸುಮಾರು 25 ಗ್ರಾಂ ಇರುತ್ತದೆ. ನಮ್ಮ ಅಕ್ಕ ರವೆಯುಂಡೆ ಕಟ್ಟಿಕೊಟ್ಟಿದ್ದಳು. ಬೆಟ್ಟದ ಒಣ ಗಾಳಿಯಲ್ಲಿ ಅದು ಗಂಟಲಿಗಿಳಿಯುವುದಿಲ್ಲವೆಂದು ಪಂದ್ಯದ ದಿನವೇ ತಿಳಿಯಿತು! ಅಭ್ಯಾಸಕಾಲದಲ್ಲಿ ತಿಂದು ನೋಡದ ಯಾವ ವಸ್ತುವನ್ನೂ ಅಂದು ಜೇಬಿನಲ್ಲಿಟ್ಟುಕೊಳ್ಳಬಾರದು.

ನಾನು ಕಾದಿದ್ದುದು ಟ್ವಿನ್ ಲೇಕ್ಸ್ ಎಂಬ ಸರೋವರದ ಬಳಿ. ಹೋಗುವಾಗ ಅದು ನಲವತ್ತನೆಯ ಮೈಲಿ, ಬರುವಾಗ ಅರವತ್ತನೆಯದು. ಹೋಗುವಾಗ ಅವನು ನಗುನಗುತ್ತಲೇ ಬಂದ. ಅಲ್ಲಿಂದ ಸುಮಾರು ಎಂಟು ಮೈಲಿಗಳಲ್ಲಿ 3,000 ಅಡಿಗೂ ಮೀರಿದ ಏರು. ತುದಿಯ ಬಳಿ ಬಹುತೇಕ ಎಲ್ಲರೂ ಸೈಕಲ್ ತಳ್ಳಿಕೊಂಡೇ ನಡೆಯುತ್ತಾರೆ. ಹಿಂದಿರುಗಿದಾಗ ಅವನ ಮುಖ ಊದಿಕೊಂಡಿತ್ತು. ಬೆರಳಿನ ಉಂಗುರ ಬಿಗಿದು ಕೆಂಪು ಗೆರೆ ಮೂಡಿತ್ತು. "ತಲೆ ಸಿಡಿಯುತ್ತಿದೆ ಮಾವ, ನೀರು ಸಾಲಲಿಲ್ಲವೆಂದು ಕಾಣುತ್ತದೆ, ಇನ್ನೆರಡು ಬಾಟಲಿ ಕೊಡಿ" ಎಂದ. ಜೇಬಿನ ತಿಂಡಿ ಹಾಗೆಯೇ ಇತ್ತು. ನೀರಿನ ಬಾಟಲಿಗಳು ಮಾತ್ರ ಮತ್ತೆ ಮತ್ತೆ ಖಾಲಿಯಾಗಿದ್ದವು. ನಾನು ನೀರು ಕೊಡಲಿಲ್ಲ.

ಇದು ಕ್ರೂರವೆನಿಸಬಹುದು. ಬಾಯಾರಿಕೆಯಿಂದ ಬಳಲುವವನ ತೂಕ ಇಳಿಯುತ್ತದೆ, ಚರ್ಮ ಸೊರಗುತ್ತದೆ, ಊದಿಕೊಳ್ಳುವುದಿಲ್ಲ. ದೀರ್ಘ ಶ್ರಮದ ವೇಳೆ ಮೆದುಳಿನ ಬುಡದ ಗ್ರಂಥಿಯಿಂದ ಸ್ರವಿಸುವ ಹಾರ್ಮೋನೊಂದು, ನೀರನ್ನು ಹೊರಬಿಡದಂತೆ ಮೂತ್ರಪಿಂಡಗಳನ್ನು ತಡೆಯುತ್ತದೆ. ಆಗ ಬರಿಯ ನೀರನ್ನು ಕುಡಿಯುತ್ತಲೇ ಹೋದರೆ ರಕ್ತದ ಸೋಡಿಯಂ ತೆಳುವಾಗಿ, ನೀರು ಜೀವಕೋಶಗಳೊಳಗೆ ನುಗ್ಗುತ್ತದೆ. ತಲೆಬುರುಡೆಯೊಳಗೆ ಬಂದಿಯಾಗಿರುವ ಮೆದುಳು ಊದಿದರೆ ವಾಂತಿ, ಗೊಂದಲ, ಸೆಳವು, ಕೊನೆಗೆ ಮರಣ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ಶೇಕಡಾ 13ರಷ್ಟು ಮಂದಿಯಲ್ಲಿ ಸೋಡಿಯಂ ಕಡಿಮೆಯಿತ್ತು. ಓಡುತ್ತ ತೂಕ ಹೆಚ್ಚಿಸಿಕೊಂಡವರಲ್ಲಿಯೇ ಅದು ಅಧಿಕ. ಕುಡಿ, ಇನ್ನೂ ಕುಡಿ ಎಂಬ ಸದುದ್ದೇಶದ ಉಪದೇಶವೇ ಹೀಗೆ ಅಪಾಯ ತಂದಿದೆ. ನೋವಿನ ಮಾತ್ರೆಗಳ ವಿಷಯವೂ ಇಲ್ಲಿಯೇ ಹೇಳತಕ್ಕದ್ದು: ಐಬುಪ್ರೊಫೆನ್ ಮೊದಲಾದವು ದಣಿದ ಮೂತ್ರಪಿಂಡಗಳನ್ನು ಮತ್ತಷ್ಟು ಬಾಧಿಸುವುದರಿಂದ ಪಂದ್ಯದ ದಿನ ಅವುಗಳನ್ನು ಮುಟ್ಟದಿರುವುದೇ ಕ್ಷೇಮ.

"ಇಲ್ಲಿಗೆ ಸಾಕು" ಎಂದೆ. ಹಿಂದೆಂದೂ ನನಗೆ ಎದುರಾಡದ ಹುಡುಗ ಅಂದು ರೇಗಾಡಿದ. ಮುಂದೆ ಅವನಿಗಾಗಿ ಕಾದಿದ್ದುದು ವಿದ್ಯುತ್ ತಂತಿಗಳ ಕೆಳಗಿನ ಪವರ್‌ಲೈನ್ ಎಂಬ ಕಡಿದಾದ ಏರು, ಆಮೇಲೆ ಜಲ್ಲಿಗಲ್ಲಿನ ಇಳಿಜಾರು. ಗೊಂದಲಗೊಂಡ ಮೆದುಳು ಬ್ರೇಕನ್ನು ಯಾವಾಗ ಹಿಡಿಯಬೇಕೆಂಬುದನ್ನೇ ಮರೆತೀತು. ವೈದ್ಯರ ಡೇರೆಗೆ ಕರೆದೊಯ್ದೆ. ರಕ್ತ ನೋಡಿದರು, ಸೋಡಿಯಂ 128. ಕನಿಷ್ಠ 135 ಇರಬೇಕು. ನೀರು ನಿಲ್ಲಿಸಿ, ಉಪ್ಪು ಬೆರೆಸಿದ ಗಟ್ಟಿ ಸಾರನ್ನು ಸ್ವಲ್ಪಸ್ವಲ್ಪವಾಗಿ ಕುಡಿಸಿದರು. ಮೂರು ಗಂಟೆಗಳ ಬಳಿಕ ಧಾರಾಳವಾಗಿ ಮೂತ್ರ ವಿಸರ್ಜನೆಯಾಯಿತು, ತಲೆನೋವು ಇಳಿಯಿತು. ರಾತ್ರಿ ಅವನು ಯಾರೊಡನೆಯೂ ಮಾತನಾಡಲಿಲ್ಲ.

ಎಷ್ಟು ಕುಡಿಯಬೇಕೆಂಬುದನ್ನು ಅರಿಯಲು ಸುಲಭ ಉಪಾಯವಿದೆ. ಒಂದು ಗಂಟೆಯ ಅಭ್ಯಾಸದ ಮುನ್ನ ಮತ್ತು ಅನಂತರ, ಬೆವರು ಒರೆಸಿ, ಬಟ್ಟೆಯಿಲ್ಲದೆ ತೂಗಿಕೊಳ್ಳಬೇಕು. ಇಳಿದ ತೂಕಕ್ಕೆ ನಡುವೆ ಕುಡಿದ ನೀರನ್ನು ಕೂಡಿದರೆ ಬೆವರಿನ ಲೆಕ್ಕ ದೊರೆಯುತ್ತದೆ. ಚಳಿಯಲ್ಲಿಯೂ ಸೆಖೆಯಲ್ಲಿಯೂ ಬೇರೆಬೇರೆಯಾಗಿ ನೋಡಬೇಕು. ಬಾಯಾರಿಕೆಗೆ ತಕ್ಕಂತೆ ಕುಡಿದು, ಈ ಲೆಕ್ಕವನ್ನು ಮೀರದಿದ್ದರೆ ಸಾಕು.

ಉಳಿದವು ಚಿಕ್ಕ ಮಾತುಗಳು. ಹಿಡಿಯ ಮೇಲೆ ಅಂಗೈಯನ್ನು ಗಂಟೆಗಟ್ಟಲೆ ಒತ್ತಿದರೆ ನರ ಅದುಮಿ ಕಿರುಬೆರಳೂ ಉಂಗುರದ ಬೆರಳೂ ಜೋಮು ಹಿಡಿಯುತ್ತವೆ. ಮೆತ್ತೆಯ ಕೈಗವಸು ಬೇಕು, ಹಿಡಿತವನ್ನು ಆಗಾಗ ಬದಲಿಸಬೇಕು. ಆಗಸ್ಟಿನಲ್ಲಿಯೂ ಆ ತುದಿಯಲ್ಲಿ ಆಲಿಕಲ್ಲು ಬೀಳುವುದುಂಟು. ಬೆವರಿದ ಮೈಯಲ್ಲಿ ಇಳಿಯುವಾಗ ಗಾಳಿ ತಡೆಯುವ ಅಂಗಿ ಇಲ್ಲದಿದ್ದರೆ ಕೈ ಮರಗಟ್ಟುತ್ತದೆ. ಯುರೋಪಿನ ಹಳೆಯ ಸೈಕಲ್ ಪಟುಗಳು ಎದೆಗೆ ವೃತ್ತಪತ್ರಿಕೆಯನ್ನು ಸಿಕ್ಕಿಸಿಕೊಂಡು ಇಳಿಯುತ್ತಿದ್ದರು. ಶಿರಸ್ತ್ರಾಣದ ಅಗತ್ಯವನ್ನು ಬೇರೆ ಹೇಳಬೇಕಾಗಿಲ್ಲ.

ಮರುವರ್ಷದ ಚೀಟಿಯಲ್ಲಿ ಅವನ ಹೆಸರು ಬರಲಿಲ್ಲ. ಭಾನುವಾರಗಳಂದು ಡೆನ್ವರಿನ ಸುತ್ತಲಿನ ಬೆಟ್ಟಗಳನ್ನು ಹತ್ತುತ್ತಾನೆ. ಬಂದೊಡನೆ ತೂಗಿಕೊಂಡು ಪುಸ್ತಕದಲ್ಲಿ ಬರೆದಿಡುತ್ತಾನೆ. ಆ ಅಂಕಿಗಳು ತಿಂಗಳಿಗೊಮ್ಮೆ ಪುಣೆಗೆ, ನನ್ನ ಪರಿಶೀಲನೆಗೆ ಬರುತ್ತವೆ.